ಐದನೆಯ ಡಬ್ಬಿ

೧೧ ಫೆಬ್ರುವರಿ ೧೯೭೪, ಸೋಮವಾರ

ಹೋದ ಗುರುವಾರ, ಅಂದರೆ ಇದೇ ತಿಂಗಳ ಏಳನೆಯ ತಾರೀಖು, ಕೈಗೆ ಬಂದ ನಮ್ಮ ಸಿನಿಮಾ ವಹಿಯಲ್ಲಿ ಸುಳ್ಳು ಬರೆದು ಕಳಿಸಲಾಗಿದೆ. ಬರೆದವಳು ಮುದ್ದೇಬಿಹಾಳದ ಶಾಲೆಯ ಗುಂಡವ್ವ. ಆರು ವರ್ಷದ ವಹಿಯಲ್ಲಿ ಇಂಥದ್ದು ಎರಡನೆಯ ಸಲ.

ಮೊದಲನೆಯದು ಅರವತ್ತೊಂಬತ್ತರಲ್ಲಿ. ಇಂಡಿ ಊರಿನ ಒಬ್ಬ ವಕೀಲರು ಸಿನಿಮಾ ಟೆಂಟಿನ ಮುಂದೆ ಮಾರುವ ಹಾಡಿನ ಪುಸ್ತಕ ಓದಿಯೇ ಒಂದೂವರೆ ಪುಟ ವಿಮರ್ಶೆ ಬರೆದು ಸಿಕ್ಕಿಬಿದ್ದಿದ್ದರು. ಆಗ ನಾನು ಕಟ್ಟಳೆ ಮಾಡಿದೆ: ಪುಟದ ನೆತ್ತಿಯಲ್ಲಿ ಊರು, ತಾರೀಖು, ಮತ್ತು ಮೊದಲಿಗೆ ಪರದೆಯ ಮೇಲೆ ತೋರಿಸುವ ಸರ್ಟಿಫಿಕೇಟಿನಲ್ಲಿ ರೀಲು ಎಷ್ಟೆಂದು ಬರೆದಿರುತ್ತದೋ ಅದು. ಹಾಡಿನ ಪುಸ್ತಕದಲ್ಲಿ ಅದು ಸಿಗುವುದಿಲ್ಲ. ಹೊತ್ತಿಗೆ ಮುಂಚೆ ಹೋಗಿ ಕೂತವನಿಗೆ ಮಾತ್ರ ಗೊತ್ತಿರುತ್ತದೆ.

ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ. ನಾಲ್ಕೂ ಊರಿನ ಟೆಂಟುಗಳಿಗೆ ಪಿಕ್ಚರಿನ ಒಂದೇ ಪೆಟ್ಟಿಗೆ ಬಸ್ಸಿನ ನೆತ್ತಿಯ ಮೇಲೆ ಕೂತು ವಾರಕ್ಕೊಂದು ಊರಿನಂತೆ ಬರುತ್ತದೆ. ಪೆಟ್ಟಿಗೆಗಿಂತ ಒಂದು ದಿನ ಮುಂಚೆ ಕಂಡಕ್ಟರನ ಕೈಯಲ್ಲಿ ನಮ್ಮ ವಹಿ ಬರಬೇಕು. ನೋಡಬೇಕೋ ಬಿಡಬೇಕೋ ಎಂದು ಮುಂದಿನ ಊರಿನವರಿಗೆ ತಿಳಿಸುವುದು, ನೋಡಿದವರು ತಮಗನ್ನಿಸಿದ್ದನ್ನು ಬರೆದು ಮುಂದೆ ಕಳಿಸುವುದು. ಇಷ್ಟೇ. ಆದರೆ ನಾಲ್ಕೂ ಊರಿನ ವಾಚನಾಲಯಗಳಲ್ಲಿ ಈ ವಹಿಯನ್ನು ಓದದ ಮನುಷ್ಯನಿಲ್ಲ.

ಗುಂಡವ್ವನನ್ನು ಸೇರಿಸಿಕೊಳ್ಳಬೇಕೆಂದು ಬಾಗೇವಾಡಿಯ ಟೇಲರ್ ಖಾಜಾಸಾಬ ಹೇಳಿದಾಗ ಬೇರೆಯವರು ಮುಖ ಮುರಿದರು. ಒಪ್ಪಿಕೊಂಡವನು ನಾನು. ಭೀಮಶ್ಯಾನ ಮಗಳು, ಅವರ ಓಣಿಯಿಂದ ಮಾಸ್ತರಕಿಗೆ ಬಂದ ಮೊದಲನೆಯವಳು, ಪ್ರೋತ್ಸಾಹ ಕೊಡೋಣ ಎಂದೆ. ಅದಕ್ಕೆ ಸಿಕ್ಕ ಪ್ರತಿಫಲ ಇದು.

'ತವರಿನ ತಕ್ಕಡಿ' ಎಂಬ ಪಿಕ್ಚರಿನ ಬಗ್ಗೆ ಆಕೆ ಬರೆದದ್ದು: "ಅಣ್ಣಂದಿರು ಹೊರಗೆ ಹಾಕಿದ ಮೇಲೆ ತಂಗಿ ಪಂಚಾಯಿತಿಗೆ ಹೋಗುತ್ತಾಳೆ. ಅಪ್ಪನ ತಕ್ಕಡಿಯನ್ನು ಹಿರಿಯರ ಮುಂದೆ ಇಟ್ಟು, ನನ್ನ ಪಾಲು ತೂಗಿ ಕೊಡಿರಿ ಎನ್ನುತ್ತಾಳೆ. ಅಣ್ಣಂದಿರು ಹೊಲ ಕೊಟ್ಟರು ಎಂದು ಯಾರೂ ಹೇಳಬೇಡಿರಿ, ಆಕೆ ಕೇಳಿದಳು. ತಪ್ಪದೆ ನೋಡಿರಿ. ಮನೆಯ ಹೆಂಗಸರನ್ನು ಕರೆದುಕೊಂಡು ಹೋಗಿರಿ."

ಗುರುವಾರ ಸಂಜೆ ಇದನ್ನು ಬಸಂತರಾಯನ ಮನೆಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದೆ. ಬಸಂತರಾಯ ನನ್ನ ಜೊತೆ ಕನ್ನಡ ಸಾಲಿಯಲ್ಲಿ ಕಲಿತವನು. ನಮ್ಮ ಸಿಂದಗಿಯ ಟೆಂಟು ನಿಂತಿರುವುದೇ ಅವನ ಹೊಲದಲ್ಲಿ. ವಹಿ ಬಂದರೆ ಮೊದಲು ಅವನಿಗೆ ಓದಿ ಹೇಳುವುದು ವಾಡಿಕೆ. "ಹಂಗೇನು?" ಎಂದು ಚಹಾ ತರಿಸಿದ.

ಶನಿವಾರ ಮೊದಲ ಆಟಕ್ಕೆ ಇಬ್ಬರೂ ಅಕ್ಕಪಕ್ಕ ಕೂತೆವು. ಪಂಚಾಯಿತಿಯೂ ಇಲ್ಲ, ತಕ್ಕಡಿಯೂ ಇಲ್ಲ. ಬಾವಿಯ ಕಟ್ಟೆಯ ಮೇಲೆ ತಂಗಿ ಅಳುತ್ತಾಳೆ. ಮುಂದಿನ ದೃಶ್ಯದಲ್ಲಿ ಅಣ್ಣಂದಿರು ಅವಳನ್ನು ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸುತ್ತಿದ್ದಾರೆ, ಹೊಲ ಅವಳ ಹೆಸರಿಗಾಗಿದೆ! ಅಳುವಿನಿಂದ ಅನ್ನಕ್ಕೆ ಒಂದೇ ಜಿಗಿತ. ನಡುವೆ ಏನಾಯಿತೆಂದು ಹೇಳದೆ, ಅಣ್ಣಂದಿರ ಮನಸ್ಸು ಕರಗಿದ್ದನ್ನು ನಮ್ಮ ಎದೆಗೇ ಬಿಟ್ಟ ಆ ನಿರ್ದೇಶಕನ ಸಂಯಮಕ್ಕೆ ನಾನು ತಲೆಬಾಗಿದೆ. ನಿನ್ನೆ ಕೂತು ಅದರ ಮೇಲೆ ನಾಲ್ಕು ಪುಟ ಬರೆದೆ. ಹೇಳದೆ ಹೇಳುವುದೇ ಕಲೆಯ ಶಿಖರ ಎಂದು ನಮ್ಮ ಹಳೆಯ ಆಲಂಕಾರಿಕರು ಸಾವಿರ ವರ್ಷದ ಹಿಂದೆಯೇ ಹೇಳಿದ್ದಾರೆ, ಅದನ್ನೂ ಸೇರಿಸಿದೆ.

ಬರೆಯುವಾಗ, ಹೆಂಗಸರ ಕಡೆ ಕೂತು ಪಿಕ್ಚರ್ ನೋಡಿದ್ದ ನನ್ನ ಹೆಂಡತಿ ಸಿದ್ದಲಿಂಗವ್ವ ಬಾಗಿಲಲ್ಲಿ ನಿಂತು, "ಅಲ್ರೀ, ಅಷ್ಟ ಬೋರಾಡಿ ಅಳಾಕತ್ತಿದ್ದಾಕಿ, ಒಮ್ಮಿಂದೊಮ್ಮಿಗೇ ನಕ್ಕೋತ ಹೋಳಿಗಿ ತಿನ್ನಾಕ ಹೆಂಗ ಕುಂತ್ಲರೀ?" ಎಂದಳು.

"ಅದಕ್ಕ ಕಲಾ ಅಂತಾರ. ನಿನಗ ತಿಳಿಯೂದಿಲ್ಲ" ಎಂದೆ.

"ಕಲಾ ಇರಬಹುದು ಬಿಡ್ರಿ. ಅಳುವಾಗ ಉಟ್ಟ ಸೀರಿನೂ ಬ್ಯಾರೆ ಆಗಿತ್ತು" ಎಂದು ಒಳಗೆ ಹೋದಳು.

ಸಂಜೆ ಬಸಂತರಾಯನಿಗೆ ಕೇಳಿದೆ, ಅಂಥ ದೃಶ್ಯವೇನಾದರೂ ನನ್ನ ಕಣ್ಣು ತಪ್ಪಿತೇ ಎಂದು. "ನಾನರ ಎಲ್ಲಿ ಕಂಡ್ನೋ ಮಾರಾಯಾ? ಅಕ್ಕೋರು ಕನಸಿನ್ಯಾಗ ನೋಡಿರಬೇಕು" ಎಂದು ನಕ್ಕ. ಅವನೆದುರಿಗೇ ಕೆಂಪು ಶಾಯಿಯಲ್ಲಿ ಆಕೆಯ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೀಟು ಹೊಡೆದೆ. ಕೆಳಗೆ ಬರೆದೆ: "ಮಕ್ಕಳಿಗೆ ಕಲಿಸುವವರು ಕಂಡದ್ದನ್ನು ಬರೆಯಬೇಕು, ಕಟ್ಟಿದ್ದನ್ನಲ್ಲ. ಇವರನ್ನು ವಹಿಯಿಂದ ಬಿಡಬೇಕೇ ಎಂದು ಉಳಿದವರು ತಿಳಿಸಿರಿ."

೧೨ ಫೆಬ್ರುವರಿ, ಮಂಗಳವಾರ

ವಹಿ ಇಂಡಿಗೆ ಹೋಯಿತು. ಗೀಟು ಹೊಡೆದ ಸಂಗತಿಯನ್ನು ಬಾಗೇವಾಡಿ, ಮುದ್ದೇಬಿಹಾಳದ ವಾಚನಾಲಯಗಳಿಗೂ ಕಾರ್ಡು ಬರೆದು ತಿಳಿಸಿದೆ. ಹಗಲಿಡೀ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ನನ್ನ ಬಾಂಡ್ ರೈಟರ್ ಮೇಜಿಗೆ ಬಿಡುವಿಲ್ಲ. ಮೋರಟಗಿಯ ಇಬ್ಬರು ಅಣ್ಣತಮ್ಮಂದಿರಿಗೆ, ಹೊಲದ ಪಾಲನ್ನು ತಂಗಿ ಬಿಟ್ಟುಕೊಟ್ಟಂತೆ ಒಂದು ಹಕ್ಕು ಬಿಟ್ಟ ಪತ್ರ ಬರೆದೆ. ತಂಗಿಯನ್ನು ಕರೆತಂದಿದ್ದರು. ಹೆಬ್ಬೆಟ್ಟು ಒತ್ತಿಸಿ ಮುಗಿಸಿದೆ.

೧೯ ಫೆಬ್ರುವರಿ, ಮಂಗಳವಾರ

ಇಂಡಿಯ ಲಿಂಬೆಹಣ್ಣಿನ ವ್ಯಾಪಾರಿ ಶ್ರೀಶೈಲಪ್ಪನ ಉತ್ತರ ಬಂತು. ಪಿಕ್ಚರ್ ಈಗ ಅಲ್ಲಿ ನಡೆಯುತ್ತಿದೆ. "ಸ್ವಾಮ್ಯಾರ, ಕಣ್ಣಾಗ ಕಣ್ಣಿಟ್ಟು ಎರಡು ಸಲ ನೋಡೀನಿ. ಪಂಚಾಯ್ತಿ ಇಲ್ಲ, ತಕ್ಕಡಿ ಇಲ್ಲ. ನಿಮ್ಮ ನಾಲ್ಕು ಪುಟ ಓದಿ ಎರಡನೇ ಸಲ ನೋಡಿದ ಮ್ಯಾಲೆ ಆ ಜಿಗಿತದ ಸ್ವಾದ ತಿಳೀತು. ಅಕ್ಕೋರನ್ನು ಬಿಡೂದೇ ಚಲೋ."

ಎರಡು ಊರು ಸಾಕ್ಷಿ. ಇನ್ನೇನು ಬೇಕು?

೨೫ ಫೆಬ್ರುವರಿ, ಸೋಮವಾರ

ಖಾಜಾಸಾಬ ಬಾಗೇವಾಡಿಯಿಂದ ಬಂದಿದ್ದ. ದಾರದ ಉಂಡೆ ಕೊಳ್ಳುವ ನೆಪ. ಬಾಗೇವಾಡಿಯಲ್ಲಿ ದಾರ ಸಿಗುವುದಿಲ್ಲವೇ?

"ಸ್ವಾಮ್ಯಾರ, ಆ ಪಂಚಾಯ್ತಿ ಸೀನು ನಾನೂ ನೋಡೇನ್ರಿ" ಎಂದ.

"ಹಂಗಿದ್ರ ವಹಿಯೊಳಗ ಯಾಕ ಬರೀಲಿಲ್ಲ?"

"ಗುಂಡವ್ವ ಅಕ್ಕೋರು ಅಷ್ಟ ಚಂದ ಬರದ ಮ್ಯಾಲ ನಾ ಏನ್ ಬರೀಲಿ ಅಂತ 'ಹೌದು, ನೋಡ್ರಿ' ಅಂತ ಅವರ ಪುಟದ ಕೆಳಗ ಎರಡ ಶಬ್ದ ಬರದೆ. ನೀವು ಅದನ್ನೂ ಸೇರಿಸಿ ಗೀಟು ಹೊಡದೀರಿ."

"ನೀನ ಆಕಿನ್ನ ಸೇರಿಸಿದಾಂವ. ನೀ ಆಕಿ ಕಡೆ ಮಾತಾಡಾಂವನ."

ಖಾಜಾಸಾಬ ಟೋಪಿ ಸರಿಮಾಡಿಕೊಂಡ. "ನಾ ಅಂಗಿ ಹೊಲಿಯಾಂವರಿ. ತೋಳು ಒಂದು ಕಡಿಮಿ ಇದ್ರ ಅದನ್ನ ಹೊಸಾ ಫ್ಯಾಶನ್ ಅನ್ನೂದಿಲ್ಲ. ಅರಿವಿ ಎಲ್ಲಿ ಹೋತು ಅಂತ ಕೇಳ್ತೇನಿ."

ಚಹಾ ಕುಡಿಯದೆ ಹೋದ. ಅಧಿಕಪ್ರಸಂಗಿ.

೨೬ ಫೆಬ್ರುವರಿ, ಮಂಗಳವಾರ

ಸೀರೆ ಬೇರೆಯಾಗಿತ್ತಂತೆ. ಹೆಂಗಸರು ನೋಡುವುದೇ ಅದನ್ನು.

೧ ಮಾರ್ಚ್, ಶುಕ್ರವಾರ

ಗುಂಡವ್ವನಿಂದ ಕಾರ್ಡು. ಇಷ್ಟೇ ಇದೆ:

"ಚನ್ನಬಸಯ್ಯನವರಿಗೆ ನಮಸ್ಕಾರ. ನನ್ನ ಪುಟದ ನೆತ್ತಿಯಲ್ಲಿ ರೀಲು ಎಷ್ಟೆಂದು ಬರೆದಿದ್ದೇನೆ. ನಿಮ್ಮ ಪುಟದಲ್ಲಿ ನೀವೂ ಬರೆದಿರಬೇಕು, ಕಟ್ಟಳೆ ನಿಮ್ಮದೇ. ನಮ್ಮ ಟೆಂಟಿನಲ್ಲಿ ಒಂದೇ ಮಷಿನ್ನು, ನಿಮ್ಮಲ್ಲೂ ಒಂದೇ. ಡಬ್ಬಿ ಬದಲಿಸುವಾಗ ದೀಪ ಹತ್ತುತ್ತದೆ. ಇಲ್ಲಿ ಆರು ಸಲ ಹತ್ತಿತು. ಅಲ್ಲಿ ಎಷ್ಟು ಸಲ ಹತ್ತಿತೆಂದು ನೆನಪು ಮಾಡಿಕೊಳ್ಳಿರಿ. ನಿಮ್ಮ ನೆನಪು ದೊಡ್ಡದೆಂದು ಎಲ್ಲರೂ ಹೇಳುತ್ತಾರೆ."

ಕೊನೆಯ ಮಾತಿನಲ್ಲಿ ವ್ಯಂಗ್ಯವಿದೆಯೋ ಇಲ್ಲವೋ ತಿಳಿಯಲಿಲ್ಲ. ಕಾರ್ಡನ್ನು ಮೂರು ಸಲ ಓದಿದೆ.

೨ ಮಾರ್ಚ್, ಶನಿವಾರ

ವಹಿ ಇಂಡಿಯಿಂದ ನನ್ನಲ್ಲಿಗೇ ವಾಪಸು ಬಂದಿದೆ, ಆಕೆಯ ಬಗ್ಗೆ ತೀರ್ಮಾನ ಬರೆಯಲೆಂದು. ತೆಗೆದು ನೋಡಿದೆ. ಮುದ್ದೇಬಿಹಾಳ: ರೀಲು ೧೪. ಬಾಗೇವಾಡಿ: ರೀಲು ೧೪. ಸಿಂದಗಿ, ನನ್ನದೇ ಅಕ್ಷರ: ರೀಲು ೧೪.

ಎರಡು ರೀಲು ಸೇರಿ ಒಂದು ಡಬ್ಬಿ. ಏಳು ಡಬ್ಬಿ. ಏಳು ಡಬ್ಬಿಯ ನಡುವೆ ದೀಪ ಆರು ಸಲ ಹತ್ತಬೇಕು.

ಮೊದಲನೆಯ ಸಲ ಹತ್ತಿದಾಗ ಬಸಂತರಾಯ ಅಡಿಕೆ ಕತ್ತರಿಸಿದ. ಎರಡನೆಯ ಸಲ ಹೆಂಗಸರ ಕಡೆ ಒಂದು ಕೂಸು ಅತ್ತಿತು. ಮೂರನೆಯದು ಮಧ್ಯಂತರ, ಶೇಂಗಾ ತಂದೆ. ನಾಲ್ಕನೆಯದು ಬಾವಿಕಟ್ಟೆಯ ಅಳು ಮುಗಿದ ಮೇಲೆ, ಹಿಂದಿನವನೊಬ್ಬ ಸೀಟಿ ಹೊಡೆದ. ಐದನೆಯದು ಹೋಳಿಗೆಯ ದೃಶ್ಯವೂ ಅದರ ಮುಂದಿನ ಹಾಡೂ ಮುಗಿದ ಮೇಲೆ, ನಾನು ಕನ್ನಡಕ ಒರೆಸಿಕೊಂಡೆ. ಆರನೆಯದು?

ಆರನೆಯದಿಲ್ಲ.

ಸಿದ್ದಲಿಂಗವ್ವನನ್ನು ಕರೆದು ಕೇಳಿದೆ. ಅವಳು ಬೆರಳು ಮಡಿಚಲೂ ಇಲ್ಲ. "ಐದ ಸಲರಿ. ನಾ ಆವಾಗ ಕೇಳಿದ್ದಕ್ಕ ನೀವು ಕಲಾ ಅಂದ್ರಿ."

ನಾಲ್ಕು ಪುಟ ಬರೆದಿದ್ದೇನೆ. ಸಾವಿರ ವರ್ಷದ ಹಿಂದಿನ ಆಲಂಕಾರಿಕರನ್ನು ಸಾಕ್ಷಿಗೆ ಕರೆದಿದ್ದೇನೆ. ಒಂದು ಡಬ್ಬಿ ಇರಲಿಲ್ಲ, ಅಷ್ಟೇ.

೪ ಮಾರ್ಚ್, ಸೋಮವಾರ

ಮಧ್ಯಾಹ್ನ ಟೆಂಟಿಗೆ ಹೋದೆ. ಮಷಿನ್ ಓಡಿಸುವ ಧರೆಪ್ಪ ಮಷಿನ್ನಿನ ದೀಪದ ಕಾರ್ಬನ್ ಕಡ್ಡಿಗಳನ್ನು ಒರೆಸುತ್ತ ಕೂತಿದ್ದ. ನಾನು ದೀಪದ ಲೆಕ್ಕ ಹೇಳಿದ ಕೂಡಲೇ ಎದ್ದು ಆಚೀಚೆ ನೋಡಿದ.

"ಪೆಟ್ಟಿಗ್ಯಾಗ ಏಳೂ ಡಬ್ಬಿ ಬಂದಿದ್ದುವ್ರಿ. ಪೆಟ್ಟಿಗಿ ಬಂದ ಶುಕ್ರವಾರ ಮುಂಜಾನೆ ಬಸಂತರಾಯರು ಬಂದು ಮಾಲಕರ ಕೂಡ ಮಾತಾಡಿದ್ರು. ಪಂಚಾಯ್ತಿ ಯಾವ ಡಬ್ಬಿಯೊಳಗ ಬರತೈತಿ ಅಂತ ನನ್ನ ಕೇಳಿದ್ರು. ರೀಲು ಬಿಚ್ಚಿ ನೋಡಿ ಐದನೇದು ಅಂದ್ಯಾ. ತಾವ ಬಗಲಾಗ ಇಟಗೊಂಡು ಹೋದ್ರು."

"ಇಂಡಿಗೆ?"

"ಆರು ಡಬ್ಬಿ ಕಳಿಸಿದ್ವಿ. ಒಂದು ಸುಟ್ಟೈತಿ ಅಂತ ಮಾಲಕರು ಚೀಟಿ ಬರದ್ರು." ಕೈ ಮುಗಿದ. "ಸ್ವಾಮ್ಯಾರ, ನನ್ನ ಹೆಸರು ಎಲ್ಲೂ ತರಬ್ಯಾಡ್ರಿ. ಹೊಲ ಅವರದು, ಟೆಂಟು ಅವರ ಹೊಲದಾಗ."

ತರುವುದಿಲ್ಲ ಎಂದೆ. ಈ ದಿನಚರಿಯನ್ನು ನನ್ನ ಹೊರತು ಯಾರೂ ಓದುವುದಿಲ್ಲ, ಆದ್ದರಿಂದ ಇಲ್ಲಿ ಬರೆದದ್ದು ಮಾತು ತಪ್ಪಿದಂತಲ್ಲ. ಹೊರಗೆ ನನಗೆ ದೀಪದ ಲೆಕ್ಕ ಸಾಕು.

ಪಂಚಾಯಿತಿ ದೃಶ್ಯ ಇದೆಯೆಂದು ಬಸಂತರಾಯನಿಗೆ ಹೇಗೆ ಗೊತ್ತಾಯಿತು? ಪಿಕ್ಚರ್ ಊರಿಗೆ ಬರುವ ಮುಂಚೆಯೇ? ಗುರುವಾರ ಸಂಜೆ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದವನು ನಾನು.

೫ ಮಾರ್ಚ್, ಮಂಗಳವಾರ

ಅವನು ಅಲ್ಲಗಳೆಯಲಿಲ್ಲ. ಅದೇ ಹೆಚ್ಚು ಸಿಟ್ಟು ತರಿಸಿತು.

"ಹೌದೋ, ನಾನ ತಗದೆ. ಜ್ವಾಳದ ಚೀಲದ ಹಿಂದ ಐತಿ. ಏನೀಗ?"

"ಯಾಕ?"

"ನಮ್ಮ ತಂಗಿ ಬಾಳಮ್ಮ ಕನ್ನೊಳ್ಳಿ ಹೊಲದಾಗ ಪಾಲು ಕೇಳಿ ಕೋರ್ಟಿಗೆ ಹೋಗ್ಯಾಳ, ಊರಿಗೇ ಗೊತ್ತೈತಿ. ನನ್ನ ಹೊಲದಾಗ ನಿಂತ ಟೆಂಟಿನ್ಯಾಗ, ನನ್ನ ಮುಂದ, ತಂಗಿ ಪಾಲು ಕೇಳೂದು ತೋರಸಬೇಕು, ಮಂದಿ ಹೊಳ್ಳಿ ನನ್ನ ಮಾರಿ ನೋಡಬೇಕು?"

"ನಾ ಆ ಅಕ್ಕೋರ ಪುಟಕ್ಕ ಗೀಟು ಹೊಡೀವಾಗ ನೀ ಬಾಜೂಕ ಕುಂತಿದ್ದಿ. ಕನಸಿನ್ಯಾಗ ನೋಡಿರಬೇಕು ಅಂದಿ."

"ನಾ ನಗಿಚಾಷ್ಟಿ ಮಾಡಿದ್ಯಾ. ಗೀಟು ಹೊಡದಾಂವ ನೀನು. ನಾ ಹೊಡಿ ಅಂದ್ನೇನು?"

"ಆಕಿ ಸುಳ್ಳು ಅಂತ ನಾಲ್ಕೂರಾಗ ಆತು."

"ಆಗಲಿ ಬಿಡೋ. ಒಬ್ಬ ಮಾಸ್ತರಕಿ ಹೆಣ್ಣಮಗಳ ಸಲುವಾಗಿ ಐವತ್ತು ವರ್ಷದ ದೋಸ್ತಿ ಕಳಕೋತೀ? ವಹಿಯೊಳಗ ಮೂಲ್ಯಾಗ ಏನರ ಬರಕೋ, ಬ್ಯಾಡ ಅನ್ನೂದಿಲ್ಲ. ಟೆಂಟಿನ್ಯಾಗ, ಮಂದ್ಯಾಗ ಬಾಯಿ ತಗದಿ ಅಂದ್ರ ನೋಡು. ನಿನ್ನ ಮೇಜಿಗೆ ಬರೂ ಪತ್ರ ಅರ್ಧ ನಮ್ಮ ಮಂದೀವು."

ನಾನು ಎದ್ದೆ. ಅವನು ಹಿಂದಿನಿಂದ ಹೇಳಿದ: "ಮತ್ತ ಬಾಳಮ್ಮನ ಹಕ್ಕು ಬಿಟ್ಟ ಪತ್ರ ಬರದಾಂವ ಯಾರು, ನೆಪ್ಪೈತೇನು? ನೀನ. ಆಕಿನ್ನ ಒಂದ ಮಾತು ಕೇಳಿದ್ಯೇನು? ಈಗ ನನಗ ನ್ಯಾಯ ಹೇಳಾಕ ಬಂದಿ."

ಎಪ್ಪತ್ತೊಂದು, ಜೂನ್ ಹದಿನೆಂಟು, ಶುಕ್ರವಾರ. ಛಾಪಾಕಾಗದ ಯಾವುದೆಂದು ನೆನಪಿದೆ. ಸಾಕ್ಷಿದಾರರ ಹೆಸರು ನೆನಪಿದೆ. ಅವಳ ಬೆರಳಿಗೆ ಶಾಯಿ ಹೆಚ್ಚಾಗಿ ಎರಡನೆಯ ಸಲ ಒತ್ತಿಸಿದ್ದು ನೆನಪಿದೆ. ಅವಳು ಏನಾದರೂ ಹೇಳಿದಳೇ ಎಂದು ಎಷ್ಟು ಯೋಚಿಸಿದರೂ ಬರುತ್ತಿಲ್ಲ.

೬ ಮಾರ್ಚ್, ಬುಧವಾರ

ಒಂದೇ ಪತ್ರದ ಕೆಲಸ ಬಂತು, ಅದೂ ಆಗಲಿಲ್ಲ. ತಂಗಿಗೆ ಒಪ್ಪಿಗೆ ಇದೆಯೇ ಎಂದು ಕೇಳಿದೆ, ಪತ್ರವನ್ನು ಓದಿ ಹೇಳಿದೆ. ಆ ಹುಡುಗಿ ಅಣ್ಣನ ಮುಖ ನೋಡಿ, "ನಾ ಇನ್ನೊಮ್ಮಿ ಮನ್ಯಾಗ ಕೇಳಿ ಬರ್ತೇನ್ರಿ" ಎಂದಳು. ಅಣ್ಣ ಬೇರೆ ಮೇಜಿಗೆ ಹೋಗುತ್ತೇನೆಂದು ಕೂಗಾಡಿದ. ಹೋಗಲಿ. ಬಿಸಿಲು ಬಹಳ.

೭ ಮಾರ್ಚ್, ಗುರುವಾರ

ಮುದ್ದೇಬಿಹಾಳಕ್ಕೆ ಹೋಗಿ ಬಂದೆ. ಶಾಲೆ ಬಿಡುವ ಹೊತ್ತು. ಗುಂಡವ್ವ ಅಕ್ಕೋರು ವರಾಂಡದಲ್ಲಿ ಹಾಜರಿ ಪುಸ್ತಕ ಮುಚ್ಚುತ್ತಿದ್ದರು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವರು, ಇಪ್ಪತ್ತೈದು ಇರಬಹುದು.

"ಬರ್ರಿ ಸರ, ಕುಂದರ್ರಿ" ಎಂದು ಕುರ್ಚಿ ಕೊಟ್ಟು ತಾವು ನಿಂತೇ ಇದ್ದರು.

ಐದನೆಯ ಡಬ್ಬಿಯ ಸಂಗತಿ ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ವಹಿಯಲ್ಲಿ ತಿದ್ದಿ ಬರೆಯುತ್ತೇನೆ ಎಂದೆ. ಅವರು ಕೇಳಿಸಿಕೊಂಡರು. ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಸರ, ನಾ ಟೆಂಟಿಗೆ ಹೋಗಿ ಮೂರು ವಾರ ಆತು. ಯಾಕ ಗೊತ್ತೇನ್ರಿ? ಹೆಂಗಸರ ಕಡೆ ಕುಂತ ಕೂಡಲೇ ಕೇಳ್ತಾರ, 'ಇವತ್ತ ಏನ್ ಕಾಣ್ತೀರಿ ಅಕ್ಕೋರ, ನಮಗ ಕಾಣದ್ದು?' ಅಂತ. ಆ ಸೀನು ನನ್ನ ಕೂಡ ನೋಡಿದವರೂ, ದೊಡ್ಡವರು ಇಲ್ಲ ಅಂದ ಮ್ಯಾಲ ತಮಗ ನೆಪ್ಪಿಲ್ಲ ಅಂತಾರ. ನಮ್ಮ ಹೆಡ್ಮಾಸ್ತರು ನನಗ ಕಟ್ಟುಕತಿ ಅಕ್ಕೋರು ಅಂತ ಹೆಸರಿಟ್ಟಾರ. ನಮ್ಮಪ್ಪ ಒಂದ ಮಾತು ಹೇಳ್ಯಾನ್ರಿ: ಆ ಮಂದಿ ವಹಿಯೊಳಗ ಯಾಕ ಬರಿಯಾಕ ಹೋದಿ, ತಂಗಿ? ಅಂತ."

ನಾನು ಕುರ್ಚಿಯಿಂದ ಎದ್ದು ನಿಂತೆ.

"ಗೀಟಿನ ಸುದ್ದಿ ನಾಲ್ಕೂರು ಕೇಳೈತಿ. ತಪ್ಪಾತು ಅನ್ನೂದನ್ನ ಈ ವರಾಂಡದ ಗೋಡಿ ಒಂದ ಕೇಳಿದ್ರ ಹೆಂಗ್ರಿ? ನೀವು ದೊಡ್ಡವರು, ಹಿಂಗ ಅಂದೆ ಅಂತ ಬ್ಯಾಸರ ಮಾಡಕೋಬ್ಯಾಡ್ರಿ. ಯಾರ ಮುಂದ ನಾ ಸುಳ್ಳಿ ಆದ್ಯಾ, ಅವರ ಮುಂದ ಖರೆ ಆಗಬೇಕು."

"ನಿಮ್ಮ ಊರಿಗೂ ಬಂದು ಹೇಳ್ತೇನಿ" ಎಂದೆ.

"ಮೊದಲ ನಿಮ್ಮ ಊರಾಗ ಹೇಳ್ರಿ. ಡಬ್ಬಿ ಅಲ್ಲೇ ಐತಲ್ರಿ" ಎಂದರು. ಆಮೇಲೆ ನನ್ನ ನಾಲ್ಕು ಪುಟ ನೆನಪಾಗಿ ಇರಬೇಕು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನಗೂ ನಗು ಬಂತು. ಎಷ್ಟೋ ದಿನದ ಮೇಲೆ.

೯ ಮಾರ್ಚ್, ಶನಿವಾರ

ಭಾನುವಾರ ಟೆಂಟಿನಲ್ಲಿ ಎಲ್ಲ ಹೇಳುತ್ತೇನೆಂದು ನಾನೇ ಊರಲ್ಲಿ ತಿಳಿಸಿದ್ದೇನೆ. ಬಸಂತರಾಯ ಎರಡು ಸಲ ಆಳನ್ನು ಕಳಿಸಿದ. ಹೋಗಲಿಲ್ಲ. ಟೆಂಟಿನ ಮಾಲಕ ತಾನೇ ಬಂದು, ಭಾಷಣ ಮಾಡಿದರೆ ಆಟ ನಿಲ್ಲಿಸುತ್ತೇನೆ ಎಂದ. ಆಟ ನಿಂತರೆ ಜನ ಯಾಕೆ ಎಂದು ಕೇಳುತ್ತಾರೆ, ಆಗಲೂ ಹೇಳುವವನು ನಾನೇ ಎಂದೆ.

ಖಾಜಾಸಾಬನಿಗೆ ಕಾರ್ಡು ಬರೆದಿದ್ದೆ. ನಾಳೆ ಬೆಳಗಿನ ಬಸ್ಸಿಗೆ ಅಕ್ಕೋರನ್ನು ಕರೆದುಕೊಂಡು ಬರುತ್ತಾನೆ. ಇಂಡಿಯಿಂದ ಶ್ರೀಶೈಲಪ್ಪನೂ ಬರುತ್ತಾನೆ. ಎರಡನೆಯ ಸಲ ನೋಡಿ ಸ್ವಾದ ಕಂಡವನು ಅವನು, ಅವನಿಗೂ ಹೇಳುವುದಿದೆ. ಸಿದ್ದಲಿಂಗವ್ವ ಕನ್ನೊಳ್ಳಿಗೆ ಹೋಗಿ ಬಾಳಮ್ಮನನ್ನು ಕಂಡು ಬಂದಳು. ನಾನು ಹೋಗೆಂದು ಹೇಳಿರಲಿಲ್ಲ. "ಬರ್ತಾಳಂತ. ಹೆಂಗಸರ ಕಡೆ ಮುಂದ ಕುಂದರ್ತೇವಿ" ಎಂದಳು.

ನಾಳೆ ಮೊದಲ ಆಟಕ್ಕೆ ಮುಂಚೆ, ದೀಪ ಇನ್ನೂ ಉರಿಯುತ್ತಿರುವಾಗ ಪರದೆಯ ಮುಂದೆ ನಿಂತು ಓದಬೇಕಾದದ್ದನ್ನು ಇಲ್ಲಿ ಬರೆದಿಡುತ್ತೇನೆ. ಒಂದು ಅಕ್ಷರವೂ ತಪ್ಪಬಾರದು.

"ನಾನು ಚನ್ನಬಸಯ್ಯ, ಈ ಊರಿನ ಬಾಂಡ್ ರೈಟರ್. ಫೆಬ್ರುವರಿ ಹತ್ತನೆಯ ತಾರೀಖು, ಭಾನುವಾರ, ಮುದ್ದೇಬಿಹಾಳದ ಗುಂಡವ್ವ ಅಕ್ಕೋರು ಬರೆದ ಪುಟಕ್ಕೆ ಕೆಂಪು ಗೀಟು ಹೊಡೆದು ಅವರನ್ನು ಸುಳ್ಳಿ ಎಂದೆ. ಅವರು ಕಂಡದ್ದನ್ನು ಬರೆದಿದ್ದರು. ನಾನು ಇಲ್ಲದ್ದನ್ನು ಹೊಗಳಿದ್ದೆ. ನೀವೆಲ್ಲ ಇಲ್ಲಿಯೇ ಕೂತು ಆ ಪಿಕ್ಚರ್ ನೋಡಿದ್ದೀರಿ. ಸರ್ಟಿಫಿಕೇಟಿನಲ್ಲಿ ಹದಿನಾಲ್ಕು ರೀಲು ಎಂದಿತ್ತು, ದೀಪ ಐದೇ ಸಲ ಹತ್ತಿತು. ಕೇಳಬೇಕಾದವನು ನಾನು, ಕೇಳಲಿಲ್ಲ. ಎಪ್ಪತ್ತೊಂದರ ಜೂನ್ ಹದಿನೆಂಟರಂದು ನನ್ನ ಮೇಜಿನ ಮುಂದೆ ಬಂದ ಬಾಳಮ್ಮನನ್ನೂ ಕೇಳಲಿಲ್ಲ. ಕೋರ್ಟು ಕರೆದರೆ ಅಲ್ಲಿಯೂ ಇದನ್ನೇ ಹೇಳುತ್ತೇನೆ. ನನ್ನ ಉತ್ತರ ಇದು. ಗುಂಡವ್ವ ಅಕ್ಕೋರು ಇಲ್ಲಿದ್ದಾರೆ, ಸಾಲದಿದ್ದರೆ ಕೇಳಲಿ.

ಇನ್ನು ಬಸಂತರಾಯ, ನಿನ್ನ ಸರದಿ. ಜೋಳದ ಚೀಲದ ಹಿಂದೆ ಇರುವ ಐದನೆಯ ಡಬ್ಬಿಯಲ್ಲಿ ಏನಿದೆ? ಅದನ್ನು ಈ ಊರು ನೋಡಬಾರದೆಂದು ತೀರ್ಮಾನಿಸಲು ನೀನು ಯಾರು? ನನ್ನ ಕಡೆ ನೋಡಬೇಡ. ಎದ್ದು ನಿಲ್ಲು, ಹೆಂಗಸರ ಕಡೆ ಮುಖ ಮಾಡು, ಬಾಳಮ್ಮನಿಗೆ ಕೇಳಿಸುವಂತೆ ಹೇಳು."